ಮಲೆನಾಡಿನ ಬಡ ಮನೆಗೆ ಶೌಚಾಲಯ: ದುಡ್ಡು ಮೊದಲು ಗುಂಡಿಗೆ, ಆಮೇಲೆ ಗೋಡೆಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಳಕೆ ತಪ್ಪಿದ ಶೌಚಾಲಯಗಳನ್ನು ನೋಡಿ. ಗೋಡೆ ಗಟ್ಟಿಯಾಗಿಯೇ ನಿಂತಿರುತ್ತದೆ, ಒಳಗೆ ಅಡಿಕೆ ಸಿಪ್ಪೆಯೋ ಸೌದೆಯೋ ತುಂಬಿರುತ್ತದೆ. ಕೆಟ್ಟಿರುವುದು ನೆಲದೊಳಗೆ. ಜುಲೈ ಮಳೆಗೆ ಗುಂಡಿಯಲ್ಲಿ ಜಲ ಎದ್ದು, ಪ್ಯಾನಿಗೆ ಸುರಿದ ನೀರು ಕೆಳಗಿಳಿಯದೆ ನಿಂತಿದೆ. ಮನೆಯವರು ನಾಲ್ಕು ದಿನ ಕಾದು, ಮತ್ತೆ ತೋಟದ ಕಡೆ ನಡೆದಿದ್ದಾರೆ.

ಬಡ ಮನೆಗೆ ಶೌಚಾಲಯ ಕಟ್ಟಿಸಿಕೊಡಲು ನಿಂತವರು, ಅಂದರೆ ಪಂಚಾಯಿತಿ ಸದಸ್ಯರು, ಸಂಘದವರು, ಊರಿನ ಹುಡುಗರು, ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು: ಕೈಲಿರುವ ದುಡ್ಡು ಕಡಿಮೆಯಾದರೆ ಗೋಡೆಯಲ್ಲಿ ಉಳಿಸಿ, ಗುಂಡಿಯಲ್ಲಿ ಉಳಿಸಬೇಡಿ. ಸೋಗೆ ತಡಿಕೆಯ ಗೋಡೆಯನ್ನು ಮುಂದಿನ ವರ್ಷ ಬದಲಾಯಿಸಬಹುದು. ತಪ್ಪು ಜಾಗದಲ್ಲಿ ತೋಡಿದ ಗುಂಡಿಯನ್ನು ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎರಡು ಇಂಗುಗುಂಡಿಯ ಶೌಚಾಲಯ. ಒಂದು ಗುಂಡಿ ತುಂಬುವ ತನಕ ಬಳಕೆ, ಆಮೇಲೆ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸುವುದು. ಎರಡು ವರ್ಷ ಬಿಟ್ಟು ಮೊದಲನೆಯದನ್ನು ತೆಗೆದರೆ ವಾಸನೆಯಿಲ್ಲದ ಗೊಬ್ಬರ. ಸೆಪ್ಟಿಕ್ ಟ್ಯಾಂಕ್ ಬೇಡವೇ ಎಂದು ಹಲವರು ಕೇಳುತ್ತಾರೆ. ಟ್ಯಾಂಕಿಗೆ ಎರಡು ಮೂರು ಪಟ್ಟು ಖರ್ಚು, ಅದರಿಂದ ಹೊರಬರುವ ಕೊಳೆನೀರಿಗೆ ಮತ್ತೊಂದು ಇಂಗುಗುಂಡಿ ಬೇಕು, ತುಂಬಿದಾಗ ಎಳೆಯುವ ಲಾರಿ ಬರಬೇಕು. ಗುಡ್ಡದ ಮೇಲಿನ ಒಂಟಿಮನೆಗೆ ಆ ಲಾರಿ ಹತ್ತುವುದಿಲ್ಲ.

ಜಾಗ ನೋಡುವುದು ಸೆಪ್ಟೆಂಬರಿನಲ್ಲಿ

ಬೇಸಿಗೆಯಲ್ಲಿ ಜಾಗ ನೋಡಿದರೆ ಎಲ್ಲ ಜಾಗವೂ ಒಳ್ಳೆಯದಾಗಿಯೇ ಕಾಣುತ್ತದೆ. ಮಳೆ ಹಿಂದೆಗೆಯುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯೊಳಗೆ, ಹಾರೆಯಲ್ಲಿ ಒಂದಡಿ ಅಗಲ, ನಾಲ್ಕಡಿ ಆಳದ ಪರೀಕ್ಷೆ ಗುಂಡಿ ತೆಗೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ತಾನಾಗಿ ನೀರು ಬಂದಿದ್ದರೆ ಅಷ್ಟು ಎತ್ತರಕ್ಕೆ ಜಲ ಇದೆ ಎಂದರ್ಥ, ಗುಂಡಿಯ ತಳ ಅದಕ್ಕಿಂತ ಮೇಲಿರಬೇಕು.

ನೀರು ಬರದಿದ್ದರೆ ಇಂಗುವ ಪರೀಕ್ಷೆ. ಗುಂಡಿಗೆ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ತಳದಿಂದ ಆರು ಇಂಚು ನೀರು ನಿಲ್ಲಿಸಿ, ಕೋಲಿಗೆ ಗುರುತು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಒಂದು ಇಂಚು ಅಥವಾ ಹೆಚ್ಚು ಇಳಿದಿದ್ದರೆ ಜಾಗ ಒಳ್ಳೆಯದು. ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ಇಂಗುಗುಂಡಿ ನಡೆಯುವುದಿಲ್ಲ, ಜಾಗ ಬದಲಿಸಿ. ಎರಡರ ನಡುವೆ ನಿಂತರೆ ಕೆಳಗೆ ಹೇಳುವ ಅಗಲ ಗುಂಡಿ ಮಾಡಿ.

ನಮ್ಮ ಕಡೆಯ ಮಣ್ಣಿನಲ್ಲಿ ಎರಡು ತೊಡಕು. ಮೇಲೆ ಜಂಬಿಟ್ಟಿಗೆ ಪದರ ಇರುತ್ತದೆ. ನೋಡಲು ಕಲ್ಲು, ಒಳಗೆ ತೂತು ತೂತು. ಅದರೊಳಗಿನ ಸಂದುಗಳಲ್ಲಿ ಕೊಳೆನೀರು ಸೋಸಿಹೋಗದೆ ಹರಿದೇ ಹೋಗಬಹುದು. ಜಂಬಿಟ್ಟಿಗೆಯ ಕೆಳಗೆ ಬಿಳಿ ಶೇಡಿ ಮಣ್ಣು ಸಿಕ್ಕಿದರೆ ಅಲ್ಲಿಗೆ ಹಾರೆ ನಿಲ್ಲಿಸಿ. ಶೇಡಿ ನೀರು ಇಂಗಿಸಿಕೊಳ್ಳುವುದಿಲ್ಲ, ನೆಂದರೆ ಗಂಜಿಯಂತೆ ಜಾರಿ ಗುಂಡಿಯ ಗೋಡೆಯನ್ನು ಒಳಗೆ ಎಳೆಯುತ್ತದೆ. ಗುಂಡಿ ಆಳವಾದಷ್ಟು ಒಳ್ಳೆಯದು, ಬೇಗ ತುಂಬುವುದಿಲ್ಲ ಎಂಬ ನಂಬಿಕೆ ಎಲ್ಲ ಕಡೆ ಇದೆ. ಹತ್ತಡಿ ತೋಡಿ ಹೆಮ್ಮೆಯಿಂದ ತೋರಿಸುವವರೂ ಇದ್ದಾರೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಸುತ್ತಿನಲ್ಲಿ ಹತ್ತಡಿ ಗುಂಡಿ ಎಂದರೆ ಅದೊಂದು ಬಾವಿ. ಇಲ್ಲಿ ಗುಂಡಿ ಅಗಲವಾಗಬೇಕು, ಆಳವಾಗಬಾರದು.

ಬಾವಿಯ ದೂರ: ಸಾಮಾನ್ಯ ಮಣ್ಣಿನಲ್ಲಿ ಕನಿಷ್ಠ 33 ಅಡಿ, ಅಂದರೆ 10 ಮೀಟರ್. ಜಂಬಿಟ್ಟಿಗೆ ನೆಲದಲ್ಲಿ 50 ಅಡಿಗಿಂತ ಹತ್ತಿರ ಹೋಗದಿರುವುದು ಲೇಸು. ದೂರಕ್ಕಿಂತ ಇಳಿಜಾರು ಮುಖ್ಯ. ಗುಂಡಿ ಬಾವಿಯ ಕೆಳಮಗ್ಗುಲಲ್ಲಿ ಇರಬೇಕು. ನಿಮ್ಮ ಬಾವಿಗೆ ಕೆಳಗಿರುವುದು ಪಕ್ಕದ ಮನೆಯ ಬಾವಿಗೆ, ಅಬ್ಬಿ ನೀರಿನ (ಗುಡ್ಡದಿಂದ ಹರಿದುಬರುವ ನೀರಿನ) ಮೂಲಕ್ಕೆ ಮೇಲಿರಬಹುದು. ಗುಡ್ಡ ಇಳಿದು ನೋಡಿಯೇ ಜಾಗ ನಿಕ್ಕಿ ಮಾಡಿ. ಬೇರೆ ಜಾಗವೇ ಇಲ್ಲದಿದ್ದರೆ ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿ, ಸುತ್ತಲೂ 20 ಇಂಚು ದಪ್ಪ ಸಣ್ಣ ಮರಳು ತುಂಬುವ ದಾರಿ ಇದೆ. ಖರ್ಚಿನ ದಾರಿ ಅದು.

ದರೆಯ, ಅಂದರೆ ಕಡಿದಾಗಿ ಕತ್ತರಿಸಿದ ಮಣ್ಣಿನ ದಿಣ್ಣೆಯ, ಅಂಚಿನಲ್ಲಿ ಗುಂಡಿ ಬೇಡ. ಇಂಗಿದ ನೀರು ದರೆಯ ಮೈಯಲ್ಲಿ ಒಸರುತ್ತದೆ, ಮಳೆಗೆ ದರೆಯೇ ಜರಿಯುತ್ತದೆ. ಕನಿಷ್ಠ ಹತ್ತಡಿ ಒಳಗೆ ಸರಿಸಿ.

ಗುಂಡಿ ಎಲ್ಲೇ ಇರಲಿ, ಕೋಣೆ ಮಾತ್ರ ಬಚ್ಚಲಿನ ಪಕ್ಕಕ್ಕೆ ಬರಲಿ. ಹಿತ್ತಿಲ ಕೊನೆಯಲ್ಲಿ ಕಟ್ಟಿದರೆ ಆಷಾಢದ ರಾತ್ರಿ ಇಂಬಳ (ಜಿಗಣೆ) ಕಚ್ಚಿಸಿಕೊಂಡು ಅಲ್ಲಿಗೆ ಯಾವ ಅಜ್ಜಿಯೂ ಹೋಗುವುದಿಲ್ಲ. ಮನೆ ಹತ್ತಿರ ಕಕ್ಕಸು ಬೇಡ ಎನ್ನುವ ಹಿರಿಯರ ಮಾತು ವಾಸನೆಯ ಅನುಭವದಿಂದ ಬಂದದ್ದು. ಪ್ಯಾನಿನ ಕೆಳಗಿನ ಬಾಗಿದ ಕೊಳವೆಯಲ್ಲಿ, ಅಂದರೆ ಟ್ರ್ಯಾಪಿನಲ್ಲಿ, ನೀರು ನಿಂತಿದ್ದರೆ ವಾಸನೆ ಮೇಲೆ ಬರುವುದಿಲ್ಲ. ಈಗಾಗಲೇ ಸರಿಯಾಗಿ ನಡೆಯುತ್ತಿರುವ ಒಂದು ಶೌಚಾಲಯಕ್ಕೆ ಅವರನ್ನು ಕರೆದೊಯ್ದು ತೋರಿಸಿ.

ಗುಂಡಿಯ ಅಳತೆ

ಒಣ ನೆಲದ ಗುಂಡಿಯಲ್ಲಿ ಒಬ್ಬರಿಂದ ವರ್ಷಕ್ಕೆ ಉಳಿಯುವ ಗಷ್ಟು ಸುಮಾರು 45 ಲೀಟರ್. ಗುಂಡಿಯಲ್ಲಿ ನೀರು ನಿಲ್ಲುವಂತಿದ್ದರೆ ಕರಗುವುದು ನಿಧಾನ, ಎರಡು ವರ್ಷದ ಲೆಕ್ಕಕ್ಕೆ ಒಬ್ಬರಿಗೆ ವರ್ಷಕ್ಕೆ 95 ಲೀಟರ್ ಹಿಡಿಯಬೇಕು. ಐದು ಜನರ ಮನೆಗೆ ಎರಡು ಬಗೆ:

ಜಲ ಏಳದ ಜಾಗದಲ್ಲಿ 3 ಅಡಿ ಒಳ ಅಗಲದ, 1 ಅಡಿ ಎತ್ತರದ ಸಿಮೆಂಟ್ ರಿಂಗು, ಒಂದು ಗುಂಡಿಗೆ 4. ಮೇಲಿನ ಒಂದಡಿ ಖಾಲಿ ಬಿಟ್ಟರೆ ಉಳಿಯುವುದು 600 ಲೀಟರ್. ಎರಡೂವರೆ ವರ್ಷಕ್ಕೆ ಬರುತ್ತದೆ.

ಜಲ ಏಳುವ ಜಾಗದಲ್ಲಿ 4 ಅಡಿ ಅಗಲದ ರಿಂಗು, ಗುಂಡಿಗೆ 4. ಎರಡು ನೆಲದೊಳಗೆ, ಎರಡು ನೆಲದ ಮೇಲೆ. ಮೇಲೆ ಬಂದ ಭಾಗದ ಸುತ್ತ 5 ಅಡಿ ಅಗಲಕ್ಕೆ ಮಣ್ಣು ಏರಿಸಿ ಬಡಿದು ದಿಬ್ಬ ಮಾಡಬೇಕು. ಇದರಲ್ಲಿ ಹಿಡಿಯುವುದು ಸುಮಾರು 1,060 ಲೀಟರ್.

ಎರಡನೇ ಬಗೆಗೆ ಕೋಣೆ ಎತ್ತರದಲ್ಲಿರಬೇಕಾಗುತ್ತದೆ. ಮಲೆನಾಡಿನ ಮನೆಗೆ ಇದು ತೊಂದರೆಯಲ್ಲ, ಅನುಕೂಲವೇ. ಮನೆ ಮೇಲಿನ ಮಟ್ಟದಲ್ಲಿ, ಹಿತ್ತಿಲು ಎರಡು ಮೂರು ಅಡಿ ಕೆಳಗೆ ಇರುವ ಕಡೆ ಕೋಣೆ ಮೇಲೆ ಕಟ್ಟಿ ಗುಂಡಿ ಕೆಳಗಿನ ಮಟ್ಟದಲ್ಲಿ ಇಡಿ. ಮೆಟ್ಟಿಲೇ ಬೇಡ. ಸಮನೆಲದಲ್ಲಿ ಆದರೆ ನಾಲ್ಕೈದು ಮೆಟ್ಟಿಲು ಬೇಕಾಗುತ್ತದೆ, ಮಂಡಿನೋವಿನವರಿಗೆ ಒಂದು ಹಿಡಿಕಂಬಿ ಹಾಕಿಸಿ.

ಎರಡು ಗುಂಡಿಗಳ ನಡುವೆ ಕನಿಷ್ಠ 3 ಅಡಿ ಮಣ್ಣು ಇರಲಿ. ಕಡಿಮೆಯಾದರೆ ಬಳಕೆಯ ಗುಂಡಿಯ ನೀರು ಒಣಗಬೇಕಾದ ಗುಂಡಿಗೆ ನುಗ್ಗುತ್ತದೆ.

ರಿಂಗು ಕೊಳ್ಳುವುದೋ ಎರೆಯುವುದೋ

ಒಂದೇ ಮನೆಯಾದರೆ ಕೊಂಡುಬಿಡಿ. ಹತ್ತು ಮನೆ ಸೇರಿದರೆ ಅಚ್ಚು ತಂದು ಊರಲ್ಲೇ ಎರೆಯುವುದು ಅಗ್ಗ. ಘಟ್ಟದ ರಸ್ತೆಯಲ್ಲಿ ಪಿಕಪ್ಪಿನಲ್ಲಿ ತಂದ ರಿಂಗು ಇಳಿಸುವಾಗಲೇ ಒಂದೆರಡು ಒಡೆದಿರುತ್ತವೆ. ಒಡೆದದ್ದು ಯಾರ ಲೆಕ್ಕಕ್ಕೆ ಎಂದು ಸಾಗಾಟಕ್ಕೆ ಮುಂಚೆ ಮಾತಾಡಿಕೊಳ್ಳಿ.

ಎರಡು ಇಂಚು ದಪ್ಪದ 3 ಅಡಿ ರಿಂಗಿಗೆ 1:2:4 ಮಿಶ್ರಣ: ಸಿಮೆಂಟು ಒಂದು, ಮರಳು ಎರಡು, ಬೇಬಿ ಜಲ್ಲಿ ನಾಲ್ಕು. ಒಂದು ಮೂಟೆ ಸಿಮೆಂಟಿಗೆ ಮೂರು ರಿಂಗು ಬರುತ್ತದೆ. 4 ಅಡಿ ರಿಂಗಾದರೆ ಎರಡು ಮೂಟೆಗೆ ಐದು. ಒಳಗೆ ಎರಡು ಸುತ್ತು ತಂತಿ. ಕಾಂಕ್ರೀಟು ಹಸಿ ಇರುವಾಗಲೇ ಒಂದು ಇಂಚಿನ ಪೈಪ್ ತುಂಡು ತೂರಿಸಿ, ಸುತ್ತಲೂ ಆರು ಇಂಚಿಗೊಂದರಂತೆ ಎರಡು ಸಾಲು ತೂತು ಮಾಡಿ. ಅಚ್ಚು ಬಿಚ್ಚಿದ ಮೇಲೆ ಏಳು ದಿನವಾದರೂ ಒದ್ದೆ ಗೋಣಿ ಹೊದೆಸಿ ನೀರು ಕುಡಿಸಬೇಕು. ಬೆರಳಿನಲ್ಲಿ ತಟ್ಟಿದರೆ ಮಡಕೆಯಂತೆ ಟಣ್ ಎನ್ನಬೇಕು. ಮಂಕು ಸದ್ದು ಬಂದರೆ ಒಳಗೆ ಬಿರುಕು ಇದೆ.

ತೂತಿಲ್ಲದ ರಿಂಗು ಮಾರುವವರೂ ಇದ್ದಾರೆ, ಅದು ಬಾವಿಗೆ ಇಳಿಸುವ ಬಗೆ. ಅದನ್ನು ಹಾಕಿದರೆ ನೀರು ಹೋಗಲು ದಾರಿ ತಳ ಮಾತ್ರ, ಆರೇ ತಿಂಗಳಲ್ಲಿ ತಳ ಕಟ್ಟಿಕೊಳ್ಳುತ್ತದೆ. ಕೊಳ್ಳುವಾಗ ತೂತು ನೋಡಿಯೇ ಕೊಳ್ಳಿ. ಎಲ್ಲಕ್ಕಿಂತ ಮೇಲೆ ಬರುವ ರಿಂಗಿಗೆ ಮಾತ್ರ ತೂತು ಬೇಡ, ಇಲ್ಲದಿದ್ದರೆ ಮಳೆನೀರು ಅದರಿಂದಲೇ ಒಳಗೆ ಇಳಿಯುತ್ತದೆ.

ಮುಚ್ಚಳ ಎರಡೂವರೆ ಇಂಚು ದಪ್ಪ, 8 ಮಿಲಿಮೀಟರ್ ಕಬ್ಬಿಣ ಆರಿಂಚಿಗೊಂದು ಅಡ್ಡ, ಉದ್ದ. 3 ಅಡಿ ಗುಂಡಿಯ ಮುಚ್ಚಳ ಒಂದೇ ತುಂಡಾದರೆ 130 ಕಿಲೋಗ್ರಾಂ ದಾಟುತ್ತದೆ. ಎರಡು ಹೋಳು ಮಾಡಿ, ಪ್ರತಿ ಹೋಳಿಗೂ ಎರಡು ಕೊಕ್ಕೆ ಹಾಕಿಸಿ. 4 ಅಡಿ ಗುಂಡಿಯದ್ದಾದರೆ ಮೂರು ಇಂಚು ದಪ್ಪ, ಮೂರು ಹೋಳು.

ಇಳಿಸುವ ಕ್ರಮ

ಅಡಿಕೆ ಕೊಯ್ಲಿನ ಕೆಲಸ ಮುಗಿದು ಕೂಲಿ ಕೈಗೆ ಬರುವುದು ಜನವರಿ, ಫೆಬ್ರವರಿಗೆ. ಫೆಬ್ರವರಿಯಿಂದ ಏಪ್ರಿಲ್ ಕೆಲಸದ ಕಾಲ. ಮೇ ನಡುವಿನೊಳಗೆ ಮುಚ್ಚಳ ಹಾಕಿ ಮುಗಿದಿರಬೇಕು.

ಗುಂಡಿಯನ್ನು ರಿಂಗಿನ ಹೊರ ಅಳತೆಗಿಂತ ಆರು ಇಂಚು ಅಗಲವಾಗಿ ತೋಡಿ. ತಳ ಮಟ್ಟ ಮಾಡಿ, ಕಾಂಕ್ರೀಟ್ ಹಾಕಬೇಡಿ. ರಿಂಗಿನ ಮೇಲೆ ರಿಂಗು ಬರಿದೇ ಕೂರಿಸಿ, ಮೇಲಿನ ಒಂದು ಸೇರುವೆಗೆ ಮಾತ್ರ ಗಾರೆ ಮೆತ್ತಿ. ಅಚ್ಚುಕಟ್ಟು ಕೆಲಸದ ಹೆಮ್ಮೆಗೆ ಮೇಸ್ತ್ರಿ ಎಲ್ಲ ಸೇರುವೆಗೂ ಗಾರೆ ಹಾಕಿ ಒಳಗೆ ನುಣ್ಣಗೆ ಗಿಲಾವು ಮಾಡಿಬಿಡುವುದುಂಟು. ಅಲ್ಲಿಗೆ ಇಂಗುಗುಂಡಿ ನೀರಿನ ತೊಟ್ಟಿ ಆಯಿತು. ಆ ದಿನ ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರಲಿ. ರಿಂಗಿನ ಹೊರಗಿನ ಸಂದಿಗೆ ಪುಡಿ ಜಂಬಿಟ್ಟಿಗೆ ಅಥವಾ ದಪ್ಪ ಮರಳು ತುಂಬಿ, ಮೇಲಿನ ಒಂದಡಿ ಮಾತ್ರ ಜೇಡಿಮಣ್ಣು ಬಡಿಯಿರಿ.

ಮುಚ್ಚಳ ಅಂಗಳದ ಮಟ್ಟಕ್ಕಿಂತ ಕನಿಷ್ಠ ಒಂದಡಿ ಮೇಲಿರಬೇಕು. ಬಯಲುಸೀಮೆಯ ನಕ್ಷೆಗಳಲ್ಲಿ ನೆಲಕ್ಕೆ ಸಮ ಇರುತ್ತದೆ. ಇಲ್ಲಿ ಹಾಗೆ ಮಾಡಿದರೆ ಮೊದಲ ದೊಡ್ಡ ಮಳೆಗೆ ಅಂಗಳದ ನೀರೆಲ್ಲ ಗುಂಡಿಗೆ. ಗುಂಡಿಯ ಮೇಲ್ಮಗ್ಗುಲಿಗೆ ಒಂದಡಿ ಆಳದ ಕಪ್ಪು (ಕಾಲುವೆ) ತೆಗೆದು ಗುಡ್ಡದ ನೀರನ್ನು ಬದಿಗೆ ತಿರುಗಿಸಿ.

ಪ್ಯಾನಿನಿಂದ ಚೇಂಬರಿಗೆ, ಚೇಂಬರಿನಿಂದ ಗುಂಡಿಗೆ 4 ಇಂಚಿನ ಪಿವಿಸಿ ಪೈಪು. ಅಡಿಗೆ ಮುಕ್ಕಾಲು ಇಂಚು ಇಳಿಜಾರು. ಕಣ್ಣಳತೆ ಬೇಡ, ಮಟ್ಟದ ಪೈಪು ಹಿಡಿದು ನೋಡಿ. ಹತ್ತಡಿ ಪೈಪಿಗೆ ಏಳೂವರೆ ಇಂಚು ಇಳಿತ, ಪ್ಯಾನು ಮತ್ತು ಟ್ರ್ಯಾಪಿಗೆ ಒಂದಡಿಗೂ ಹೆಚ್ಚು. ಎಲ್ಲ ಕೂಡಿಸಿ ಕೋಣೆಯ ನೆಲ ಎಷ್ಟು ಎತ್ತರ ಬರಬೇಕೆಂದು ಪಾಯ ಹಾಕುವ ಮುನ್ನವೇ ಲೆಕ್ಕ ಮಾಡಿ. ಈ ಲೆಕ್ಕ ಬಿಟ್ಟು ಮೊದಲು ಕೋಣೆ ಕಟ್ಟಿದ ಕಡೆಯೆಲ್ಲ ಪೈಪು ಮಲಗಿಕೊಳ್ಳುತ್ತದೆ, ಕಟ್ಟಿಕೊಳ್ಳುತ್ತದೆ. ಗುಂಡಿಯೊಳಗೆ ಪೈಪು ಮೂರು ನಾಲ್ಕು ಇಂಚು ಚಾಚಿರಲಿ, ಇಲ್ಲದಿದ್ದರೆ ಕೊಳೆ ರಿಂಗಿನ ಮೈಮೇಲೆ ಇಳಿದು ತೂತು ಮುಚ್ಚುತ್ತದೆ.

ಚೇಂಬರ್ ಎಂದರೆ ಒಂದಡಿ ಚೌಕದ ಸಣ್ಣ ಪೆಟ್ಟಿಗೆ. ಒಂದು ಬಾಯಿ ಒಳಕ್ಕೆ, ಎರಡು ಬಾಯಿ ಹೊರಕ್ಕೆ, ತಳದಲ್ಲಿ ಕವಲೊಡೆದ ಕಾಲುವೆ. ಒಂದು ಬಾಯಿಗೆ ಇಟ್ಟಿಗೆ ತುಂಡು ಇಟ್ಟು ಸುತ್ತ ಜೇಡಿಮಣ್ಣು ಮೆತ್ತಿ ಮುಚ್ಚುವುದು ಮೊದಲ ದಿನವೇ ಆಗಬೇಕು. ಎರಡೂ ಬಾಯಿ ತೆರೆದೇ ಬಿಟ್ಟ ಮನೆಗಳಲ್ಲಿ ಎರಡೂ ಗುಂಡಿ ಒಟ್ಟಿಗೆ ತುಂಬುತ್ತವೆ, ಎರಡು ಗುಂಡಿ ಮಾಡಿದ್ದೇ ದಂಡ. ಮುಚ್ಚಿದ ತಿಂಗಳನ್ನು ಕೋಣೆಯ ಒಳಗೋಡೆಯ ಮೇಲೆ ಮೊಳೆಯಲ್ಲಿ ಗೀಚಿಡಿ: "ಎಡಗುಂಡಿ ಬಳಕೆ, ಮೇ 2025" ಎಂಬಂತೆ. ಹಾಳೆಯಲ್ಲಿ ಬರೆದರೆ ಕಳೆಯುತ್ತದೆ.

ಪ್ಯಾನಿನ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ. ಪೇಟೆಯ ಒರಿಸ್ಸಾ ಪ್ಯಾನಿಗೆ ಪ್ರತಿ ಸಲ ಬಕೆಟ್ಟು ನೀರು ಬೇಕು. ಗ್ರಾಮೀಣ ಪ್ಯಾನು ಎಂದೇ ಕೇಳಿ: ತಳ ಕಡಿದಾಗಿ, 25ರಿಂದ 28 ಡಿಗ್ರಿ ಇಳಿಜಾರಾಗಿರುತ್ತದೆ, ಟ್ರ್ಯಾಪಿನಲ್ಲಿ ನಿಲ್ಲುವ ನೀರು 20 ಮಿಲಿಮೀಟರ್. ಎರಡು ಲೀಟರ್ ಚೊಂಬಿಗೆ ಎಲ್ಲ ಹೋಗುತ್ತದೆ. ನೀರು ಹೊರುವವರು ಹೆಂಗಸರು ಎಂಬುದೊಂದು ಕಾರಣ, ನೆಂದ ನೆಲಕ್ಕೆ ಕಡಿಮೆ ನೀರು ಕುಡಿಸುವುದು ಇನ್ನೊಂದು. ಟ್ರ್ಯಾಪನ್ನು ಓರೆಯಾಗಿ ಕೂರಿಸಿದರೆ ನೀರು ನಿಲ್ಲದೆ ವಾಸನೆ ಬರುತ್ತದೆ. ಗಾರೆ ಹಾಕುವ ಮೊದಲು ಒಂದು ಚೊಂಬು ಸುರಿದು, ಕಣ್ಣಿಗೆ ಕಾಣುವಂತೆ ನೀರು ನಿಂತಿತೇ ನೋಡಿ.

ಗಾಳಿಕೊಳವೆ ಬೇಡ. ತೂತಿನ ಗುಂಡಿಯಲ್ಲಿ ಅನಿಲವನ್ನು ಮಣ್ಣೇ ಹೀರುತ್ತದೆ. ಕೊಳವೆ ಇಟ್ಟರೆ ಆಗುವ ಲಾಭ ಸೊಳ್ಳೆಗೆ.

ಗೋಡೆ, ಮಾಡು

ಒಳಗೆ 4 ಅಡಿಗೆ ಮೂರೂವರೆ ಅಡಿ ಸಾಕು. ಜಂಬಿಟ್ಟಿಗೆ ಸಿಗುವ ಕಡೆ ಅದೇ ಅಗ್ಗ, ಹೊರಗೆ ಗಿಲಾವು ಬೇಡ. ಒಳಗೆ ಕೆಳಗಿನ ಮೂರಡಿ ಮಾತ್ರ ಗಿಲಾವು ಮಾಡಿಸಿ. ರಿಂಗು ಬಿಟ್ಟು ನೆಲ, ಗೋಡೆ, ಚೇಂಬರ್ ಸೇರಿ 5ರಿಂದ 6 ಮೂಟೆ ಸಿಮೆಂಟು. ಮಾಡಿಗೆ (ಚಾವಣಿಗೆ) 40ರಷ್ಟು ಮಂಗಳೂರು ಹೆಂಚು. ಹಳೇ ಮನೆ ಬಿಚ್ಚಿದವರ ಬಳಿ ಬಿಟ್ಟಿ ಸಿಕ್ಕಬಹುದು. ಮಾಡಿನ ನೀರು ಗುಂಡಿಯ ಮೇಲೆ ಬೀಳದ ಕಡೆಗೆ ಇಳಿಜಾರು ಕೊಡಿ. ಬಾಗಿಲು ತಗಡಿನದು, ಕೆಳಗೆ ಎರಡಿಂಚು ಸಂದು. ಮರದ ಬಾಗಿಲು ಎರಡು ಮಳೆಗಾಲಕ್ಕೆ ಉಬ್ಬಿ ಹಾಕಲು ಬರುವುದಿಲ್ಲ. ಒಳಗಿನಿಂದ ಚಿಲಕ ಇಲ್ಲದಿದ್ದರೆ ಹೆಣ್ಣುಮಕ್ಕಳು ಬಳಸುವುದಿಲ್ಲ. ಒಂದು ದೀಪದ ಪಾಯಿಂಟೂ ಸೇರಲಿ.

ಕೈ ತೀರಾ ಬಿಗಿಯಾಗಿದ್ದರೆ ಪಾಯ, ನೆಲ, ಪ್ಯಾನು, ಗುಂಡಿ ಪಕ್ಕಾ ಮಾಡಿ. ಗೋಡೆಗೆ ಅಡಿಕೆ ದಬ್ಬೆ, ಹೊರಗೆ ಸೋಗೆ ತಡಿಕೆ ಕಟ್ಟಿ ಬಳಕೆ ಶುರುಮಾಡಬಹುದು. ಆದರೆ ಸರ್ಕಾರದ ಹಣಕ್ಕೆ ಗೋಡೆ, ಮಾಡು, ಬಾಗಿಲು ಕಾಣುವ ಫೋಟೋ ಬೇಕಾಗುತ್ತದೆ. ತಡಿಕೆಗೆ ಒಪ್ಪುತ್ತಾರೆಯೇ ಎಂದು ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಮೊದಲೇ ಕೇಳಿಕೊಳ್ಳಿ.

ದುಡ್ಡಿನ ದಾರಿ

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಪ್ರೋತ್ಸಾಹಧನ ಮನೆಗೆ 12,000 ರೂಪಾಯಿ. ಕೇಂದ್ರದ್ದು 7,200, ರಾಜ್ಯದ್ದು 4,800. ಇದು 2014ರಲ್ಲಿ ನಿಗದಿಯಾದ ಮೊತ್ತ, ಸಿಮೆಂಟು ಕೂಲಿ ಎರಡೂ ಆಮೇಲೆ ಎಲ್ಲಿಗೋ ಹೋಗಿವೆ. ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ ರಾಜ್ಯ ಹೆಚ್ಚುವರಿ ಸೇರಿಸುತ್ತದೆ, ಆ ವರ್ಷದ ಮೊತ್ತವನ್ನು ಪಂಚಾಯಿತಿಯಲ್ಲೇ ಕೇಳಿ. ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರವಲ್ಲ, ಮೇಲಿನವರಲ್ಲೂ ಸಣ್ಣ, ಅತಿಸಣ್ಣ ರೈತರು, ಜಮೀನಿಲ್ಲದ ಕೂಲಿಯವರು, ಅಂಗವಿಕಲರು, ಹೆಂಗಸೇ ಯಜಮಾನಿಯಾಗಿರುವ ಮನೆಗಳು ಅರ್ಹರು.

ಕೆಲಸ ಶುರುಮಾಡುವ ಮೊದಲೇ ಪಂಚಾಯಿತಿಯಲ್ಲಿ ಹೆಸರು ನೋಂದಾಯಿಸಿ. ಕಟ್ಟಿ ಮುಗಿಸಿ ಆಮೇಲೆ ಅರ್ಜಿ ಕೊಟ್ಟವರೇ ಹೆಚ್ಚು ಅಲೆಯುವುದು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ಕು, ಫೋಟೋ ಬೇಕು. ಆಧಾರ್ ಜೋಡಣೆಯಾದ ಖಾತೆಯೇ ಆಗಬೇಕು, ಮೂರು ದಾಖಲೆಯಲ್ಲಿ ಹೆಸರಿಗೆ ಮೂರು ಬಗೆಯ ಇನಿಷಿಯಲ್ ಇದ್ದರೆ ಈಗಲೇ ತಿದ್ದಿಸಿ. ಅದೇ ಮನೆಗೆ ಹಿಂದೆ ಹಣ ಬಿಡುಗಡೆಯಾಗಿದ್ದರೆ ಮತ್ತೆ ಬರುವುದಿಲ್ಲ. ಬೇರೆಯಾದ ಮಗನಿಗೆ ಬೇಕಿದ್ದರೆ ಮೊದಲು ಪಡಿತರ ಚೀಟಿ ಬೇರೆಯಾಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳಲ್ಲಿ ಇನ್ನೂ ಜಾಗದ ದಾಖಲೆ ಇಲ್ಲದವರಿದ್ದಾರೆ. ಅಂಥ ಕಡೆ ಗುಂಡಿ ತೋಡುವ ಮುಂಚೆ ಯಾವ ಕಾಗದ ನಡೆಯುತ್ತದೆ ಎಂದು ಪಿಡಿಓ ಬಾಯಲ್ಲಿ ಸ್ಪಷ್ಟವಾಗಿ ಕೇಳಿಸಿಕೊಂಡು ಬನ್ನಿ.

ಹಣ ಬರುವುದು ಕೆಲಸ ಮುಗಿದು, ಫೋಟೋ ಜಾಗದ ಗುರುತಿನ ಸಮೇತ ಏರಿದ ಮೇಲೆ. ಬಡವರಿಗೆ ಕಷ್ಟ ಇಲ್ಲೇ. ಮುಂಗಡ ಹಾಕಲು ಖಾಸಗಿಯಲ್ಲಿ ನೂರಕ್ಕೆ 5ರಂತೆ ಸಾಲ ತಂದರೆ 12,000ಕ್ಕೆ ತಿಂಗಳಿಗೆ 600 ರೂಪಾಯಿ ಬಡ್ಡಿ, ಹಣ ಬರಲು ಐದು ತಿಂಗಳಾದರೆ 3,000. ಮಾಡಿನ ದುಡ್ಡು ಬಡ್ಡಿಗೆ ಹೋಯಿತು. ಅದೇ ಮೊತ್ತ ಸ್ವಸಹಾಯ ಸಂಘದಲ್ಲಿ ನೂರಕ್ಕೆ 1ರಂತೆ ಸಿಕ್ಕರೆ ತಿಂಗಳಿಗೆ 120. ಸಂಜೀವಿನಿ ಒಕ್ಕೂಟದಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ಒಂದಷ್ಟು ಹಣ ಇದಕ್ಕೆಂದೇ ಬದಿಗಿಟ್ಟು, ಮೂರು ನಾಲ್ಕು ಮನೆಗೆ ಕೊಟ್ಟು, ಸರ್ಕಾರದ್ದು ಖಾತೆಗೆ ಬಿದ್ದ ಕೂಡಲೇ ವಾಪಸು ಪಡೆದು ಮುಂದಿನ ಮನೆಗೆ ತಿರುಗಿಸಬಹುದು. ನಗದು ಕೊಡುವ ಬದಲು ರಿಂಗು, ಪ್ಯಾನು, ಸಿಮೆಂಟನ್ನೇ ಒಟ್ಟಿಗೆ ಖರೀದಿಸಿ ಮನೆಗೆ ಇಳಿಸಿದರೆ ಸಾಲ ಆಸ್ಪತ್ರೆಗೋ ಮದುವೆಗೋ ಹೋಗುವುದು ತಪ್ಪುತ್ತದೆ. ಗುಂಡಿ ತೋಡುವುದು, ಕಲ್ಲು ಹೊರುವುದು ಮುಯ್ಯಾಳಿನಲ್ಲಿ, ಅಂದರೆ ಒಬ್ಬರಿಗೊಬ್ಬರು ಕೂಲಿಯಿಲ್ಲದೆ ದುಡಿದುಕೊಡುವುದರಲ್ಲಿ, ನಡೆಯಲಿ. ಮೇಸ್ತ್ರಿಗೆ ಮೂರು ಕಂತು: ರಿಂಗು ಇಳಿದ ಮೇಲೆ, ಪ್ಯಾನಿಗೆ ನೀರು ಸುರಿದು ನೋಡಿದ ಮೇಲೆ, ಬಾಗಿಲು ಕೂತ ಮೇಲೆ. ಮುಚ್ಚುವ ಮೊದಲು ಎರಡೂ ಗುಂಡಿಯ ಒಳಗಿನ ಫೋಟೋ ತೆಗೆದಿಡಿ. ಕಂತಿನ ತಕರಾರಿಗೆ ಅದೇ ಸಾಕ್ಷಿ.

ಹಳೆಯ ಒಂಟಿ ಗುಂಡಿ ತುಂಬಿ ನಿಂತಿದ್ದರೆ ಹೊಸ ಶೌಚಾಲಯವೇ ಬೇಡ. ಪೈಪಿನ ನಡುವೆ ಚೇಂಬರ್ ಕಟ್ಟಿ, ಪಕ್ಕದಲ್ಲಿ ಎರಡನೇ ಗುಂಡಿ ಇಳಿಸಿ ತಿರುಗಿಸಿದರೆ ಆಯಿತು. ಖರ್ಚಿನ ದೊಡ್ಡ ಪಾಲು ಉಳಿಯುತ್ತದೆ.

ಬಳಕೆ, ತೆಗೆಯುವುದು

ಬಚ್ಚಲ ನೀರು, ಬಟ್ಟೆ ಒಗೆದ ನೀರು ಗುಂಡಿಗೆ ಬಿಡಬೇಡಿ, ಅದು ಬಾಳೆ ಬುಡಕ್ಕೆ ಹೋಗಲಿ. ಆಸಿಡ್, ಫಿನಾಯಿಲ್ ಸುರಿದರೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಬ್ರಷ್ಷು, ಚಿಟಿಕೆ ಸೋಪಿನ ಪುಡಿ ಸಾಕು. ಪ್ಯಾಡು, ಬಟ್ಟೆ ಚೂರು, ಗುಟ್ಕಾ ಚೀಟಿ ಟ್ರ್ಯಾಪಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮಳೆಗಾಲದಲ್ಲಿ ನೀರು ನಿಧಾನ ಇಳಿಯತೊಡಗಿದರೆ ಮೊದಲು ಚೇಂಬರ್ ತೆರೆಯಿರಿ. ಚೇಂಬರಿನಲ್ಲಿ ನೀರು ನಿಂತಿಲ್ಲದಿದ್ದರೆ ಕಟ್ಟಿರುವುದು ಟ್ರ್ಯಾಪು, ನಿಂತಿದ್ದರೆ ಮುಂದಿನ ಪೈಪು ಅಥವಾ ಗುಂಡಿ.

ತುಂಬಿದ ಗುಂಡಿಯನ್ನು ಎರಡು ವರ್ಷ ಮುಟ್ಟಬೇಡಿ. ಪುಸ್ತಕದ ಲೆಕ್ಕ ಒಂದೂವರೆ ವರ್ಷ, ಆದರೆ ನಮ್ಮ ತಂಪು ಒದ್ದೆ ನೆಲದಲ್ಲಿ ಜಂತುಹುಳದ ಮೊಟ್ಟೆ ಬೇಗ ಸಾಯುವುದಿಲ್ಲ. ಬಳಕೆಯಲ್ಲಿರುವ ಅಥವಾ ಆಗಷ್ಟೇ ಮುಚ್ಚಿದ ಗುಂಡಿಗೆ ಯಾರನ್ನೂ ಇಳಿಸಬಾರದು. ವಿಷಗಾಳಿಗೆ ಜೀವ ಹೋಗುತ್ತದೆ, ಹಸಿ ಮಲ ಕೈಯಲ್ಲಿ ಬಾಚಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ತೆಗೆಯುವುದು ಮಾರ್ಚಿನಲ್ಲಿ. ಮುಚ್ಚಳ ಸರಿಸಿ ಒಂದು ದಿನ ಗಾಳಿಗೆ ಬಿಡಿ. ಮೇಲಿನಿಂದ ಹಾರೆಯಲ್ಲಿ ಕೆದಕಿ ನೋಡಿ: ಕಾಡಿನ ದರಗು ಕೊಳೆತ ಮಣ್ಣಿನಂತೆ ಕಪ್ಪಗೆ, ಪುಡಿಪುಡಿಯಾಗಿದ್ದರೆ ಆಗಿದೆ. ಅಂಟು, ವಾಸನೆ ಇದ್ದರೆ ಮುಚ್ಚಿ, ಇನ್ನೂ ಆರು ತಿಂಗಳು ಬಿಡಿ. ತೆಗೆದದ್ದನ್ನು ಅಡಿಕೆ, ತೆಂಗು, ಬಾಳೆಯ ಬುಡಕ್ಕೆ ಹಾಕಿ ಮೇಲೆ ಮಣ್ಣು ಎಳೆಯಿರಿ, ತರಕಾರಿ ಪಾತಿಗೆ ಬೇಡ. ಖಾಲಿಯಾದ ಗುಂಡಿಯ ತೂತುಗಳನ್ನು ಕೋಲಿನಲ್ಲಿ ತಿವಿದು ಬಿಡಿಸಿ, ಮುಚ್ಚಳ ಕೂರಿಸಿ, ಅಂಚಿಗೆ ಜೇಡಿಮಣ್ಣು ಮೆತ್ತಿ. ಆಚೆಯದು ತುಂಬಿದ ದಿನ ಚೇಂಬರಿನ ಇಟ್ಟಿಗೆ ತುಂಡನ್ನು ಬಾಯಿ ಬದಲಿಸಿ, ಗೋಡೆಯ ಮೇಲೆ ಹಳೆಯ ಗೀಚಿನ ಕೆಳಗೆ ಹೊಸ ತಿಂಗಳು ಬರೆಯಿರಿ.